ಎಳೆಯರ ತೋಟಗಾರ ಫ್ರೋಬೆಲ್

ಫಾಲ್ಗುಣದಲ್ಲಿ ಹಿಂಗಾರಿ ಜೋಳದ ರಾಶಿ ಮುಗಿಯುವ ವೇಳೆಗೆ ಇಂಡಿ ಸೀಮೆಯ ತಾಂಬಾದಂತಹ ಊರುಗಳಲ್ಲಿ ಮಕ್ಕಳ ಕೈಗೆ ಒಂದು ಕೆಲಸ ದೊರೆಯುತ್ತದೆ. ಒಣಗಿದ ಜೋಳದ ದಂಟನ್ನು ಸುಲಿದು, ಒಳಗಿನ ಹಗುರಾದ ಬೆಂಡನ್ನು ತುಂಡರಿಸಿ, ಅದಕ್ಕೆ ಸಿಬಿರುಗಳನ್ನು ಚುಚ್ಚಿ ಗಾಡಿ, ಕನ್ನಡಕಗಳನ್ನು ಮಾಡುವುದು ಈ ನಾಡಿನ ಹಳೆಯ ಆಟ. ಹಿರಿಯರು ಇದನ್ನು ಹೊತ್ತು ಕಳೆಯುವ ಉಪಾಯವೆಂದು ಬಗೆಯುವುದುಂಟು. ಆದರೆ ಇಂತಹ ಆಟವೇ ಮನುಷ್ಯನ ಮೊದಲ ವಿದ್ಯೆಯೆಂದು ನಂಬಿ, ಅದಕ್ಕಾಗಿ ಬಾಳನ್ನೇ ಸವೆಸಿ, ಕಡೆಗೆ ಅದರಿಂದಲೇ ಸರಕಾರದ ಅವಕೃಪೆಗೆ ಗುರಿಯಾದ ಮಹನೀಯನೊಬ್ಬನಿದ್ದನು. ಅವನೇ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್.

ತೂರಿಂಗಿಯಾ ಪ್ರಾಂತದ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ 1782ನೆಯ ಏಪ್ರಿಲ್ 21ರಂದು ಅವನು ಜನಿಸಿದನು. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆ ಪಾದ್ರಿ, ಊರವರ ಯೋಗಕ್ಷೇಮದಲ್ಲಿಯೇ ಅವನ ಕಾಲವೆಲ್ಲ ಕಳೆಯುತ್ತಿತ್ತು. ಮಲತಾಯಿಗೆ ಸ್ವಂತ ಮಗು ಹುಟ್ಟಿದ ಮೇಲೆ ಈ ಬಾಲಕನು ಮನೆಯಲ್ಲಿದ್ದೂ ಪರಕೀಯನಾದನು. ತೋಟದ ಗಿಡಮರಗಳೇ ಅವನ ಒಡನಾಡಿಗಳಾದವು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನ ಮನೆಗೆ ಹೋದ ಮೇಲೆಯೇ ಅವನು ವಾತ್ಸಲ್ಯವೆಂಬುದನ್ನು ಕಂಡದ್ದು.

ಹದಿನೈದನೆಯ ವಯಸ್ಸಿನಲ್ಲಿ ಅವನನ್ನು ಕಾಡಿನ ಕೆಲಸ ಕಲಿಯಲು ಹಚ್ಚಿದರು. ಮುಂದೆ ಯೇನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸಾಲ ತೀರಿಸಲಾಗದೆ ಅಲ್ಲಿನ ಸೆರೆಮನೆಯನ್ನೂ ಕಂಡನು. ವಾಸ್ತುಶಿಲ್ಪಿಯಾಗಬೇಕೆಂದು 1805ರಲ್ಲಿ ಫ್ರಾಂಕ್‌ಫರ್ಟಿಗೆ ಬಂದವನು ಆಕಸ್ಮಿಕವಾಗಿ ಶಾಲೆಯೊಂದರ ಉಪಾಧ್ಯಾಯನಾದನು. ಮಕ್ಕಳ ಎದುರು ನಿಂತಾಗ ತನ್ನ ದಾರಿ ಯಾವುದೆಂಬುದು ಅವನಿಗೆ ಹೊಳೆಯಿತು. 1808ರಿಂದ ಎರಡು ವರ್ಷ ಸ್ವಿಟ್ಸರ್ಲೆಂಡಿನ ಪೆಸ್ಟಾಲೋಜಿಯ ಬಳಿ ಕಲಿತನು. ಬರ್ಲಿನ್ನಿನಲ್ಲಿ ಸ್ಫಟಿಕಗಳನ್ನು ಅಭ್ಯಸಿಸಿದನು. 1813ರಲ್ಲಿ ನೆಪೋಲಿಯನ್ನನ ವಿರುದ್ಧ ಸ್ವಯಂಸೈನಿಕನಾಗಿ ಹೊರಟನು. ಯುದ್ಧ ಮುಗಿದ ಮೇಲೆ, 1816ರಲ್ಲಿ, ಅಣ್ಣಂದಿರ ಐವರು ಮಕ್ಕಳನ್ನು ಕೂಡಿಸಿಕೊಂಡು ಶಾಲೆಯನ್ನು ತೆರೆದನು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಹೋಗಿ ನೆಲೆಸಿತು.

ಆದರೆ ಶಾಲೆಗೆ ಬರುವ ಮುನ್ನವೇ ಮಗುವಿನ ಬಾಳಿನ ತಳಹದಿ ಬಿದ್ದಿರುತ್ತದೆಂಬ ವಿಚಾರ ಅವನನ್ನು ಬಿಡಲಿಲ್ಲ. 1837ರಲ್ಲಿ, ಐವತ್ತೈದರ ಹರೆಯದಲ್ಲಿ, ಬ್ಲಾಂಕೆನ್‌ಬುರ್ಗ್ ಪಟ್ಟಣದಲ್ಲಿ ಎಳೆಯ ಕೂಸುಗಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಮಕ್ಕಳ ತೋಟವೆಂಬುದೇ ಅದರ ಅರ್ಥ. ಅದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಪ್ರತಿಯೊಂದು ಮಗುವಿಗೂ ತನ್ನದೇ ಒಂದು ಪುಟ್ಟ ಮಡಿ ಇರಬೇಕು, ವಸಂತದಲ್ಲಿ ಅದು ತಾನೇ ಬೀಜ ಬಿತ್ತಿ, ನೀರೆರೆದು, ಮೊಳಕೆಗಾಗಿ ಕಾಯಬೇಕು ಎಂಬುದು ಅವನ ಯೋಜನೆ.

ಬಣ್ಣದ ಉಣ್ಣೆಯ ಆರು ಚೆಂಡುಗಳು ಮಗುವಿಗೆ ಅವನಿತ್ತ ಮೊದಲ ಕಾಣಿಕೆ. ಮರದ ಗೋಳ, ಉರುಳೆ, ಘನ ಇವು ಎರಡನೆಯದು. ಅನಂತರ ಎಂಟು ತುಂಡುಗಳಾಗಿ ಬಿಡಿಸಿ ಮತ್ತೆ ಕೂಡಿಸಬಲ್ಲ ಘನ. ಇವುಗಳ ಜೊತೆಗೆ ಕೈಗೆಲಸಗಳು: ಕಾಗದ ಮಡಿಸುವುದು, ಬಣ್ಣದ ಕಾಗದದ ಪಟ್ಟಿಗಳನ್ನು ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕಾರ ಮೂಡಿಸುವುದು. ನೆನೆಸಿದ ಬಟಾಣಿ ಕಾಳುಗಳಿಗೆ ಸಣ್ಣ ಕಡ್ಡಿಗಳನ್ನು ಚುಚ್ಚಿ ಮನೆ, ಕುರ್ಚಿಗಳನ್ನು ಕಟ್ಟುವುದೂ ಅವುಗಳಲ್ಲೊಂದು. ಕಾಳು ಒಣಗಿದಂತೆ ಕೀಲು ಬಿಗಿಯುತ್ತಿತ್ತು. ನಮ್ಮ ಮಕ್ಕಳ ಬೆಂಡು, ಸಿಬಿರುಗಳ ಗಾಡಿಗೂ ಇದಕ್ಕೂ ಇರುವ ಅಂತರ ಕಾಳಿಗೂ ದಂಟಿಗೂ ಇರುವಷ್ಟೇ. ಭಾರ, ಅಳತೆ, ಸಮತೋಲಗಳನ್ನು ಎರಡೂ ಕಡೆ ಬೆರಳುಗಳೇ ಕಲಿಯುತ್ತವೆ. ಹೆಸರು ಅನಂತರ ಬರುತ್ತದೆ. ಮುರಿದ ಗಾಡಿಯನ್ನು ಮತ್ತೆ ಕಟ್ಟಿದ ಮಗು ತಾಳ್ಮೆಯ ಪಾಠವನ್ನೂ ಕಲಿತಿರುತ್ತದೆ.

ಈ ತೋಟಕ್ಕೆ ಮಾಲಿಗಳಾಗಿ ಅವನು ಹೆಣ್ಣುಮಕ್ಕಳನ್ನೇ ಕರೆದು ಶಿಕ್ಷಣವಿತ್ತನು. ಸ್ತ್ರೀಯರಿಗೆ ಉದ್ಯೋಗವೆಂಬುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಇದೊಂದು ದೊಡ್ಡ ಹೆಜ್ಜೆ. ಇಷ್ಟರಲ್ಲಿ ಬರಸಿಡಿಲು ಎರಗಿತು. 1851ರ ಆಗಸ್ಟಿನಲ್ಲಿ ಪ್ರಷ್ಯದ ಸರಕಾರವು ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆಂಬುದು ಆಪಾದನೆ. ಅಂತಹ ವಿಚಾರಗಳಿಗೆ ಹೆಸರಾದವನು ಅವನ ಅಣ್ಣನ ಮಗ ಕಾರ್ಲ್ ಫ್ರೋಬೆಲ್. ಒಬ್ಬನ ಮೇಲಿನ ಮುನಿಸು ಇನ್ನೊಬ್ಬನ ತೋಟವನ್ನು ಸುಟ್ಟಿತು. ವೃದ್ಧನ ಮನವಿಗಳು ಫಲಿಸಲಿಲ್ಲ. 1852ನೆಯ ಜೂನ್ 21ರಂದು ಅವನು ಕಣ್ಣು ಮುಚ್ಚಿದಾಗ ನಿಷೇಧವಿನ್ನೂ ಜಾರಿಯಲ್ಲಿತ್ತು. ಅದು ರದ್ದಾದದ್ದು 1860ರಲ್ಲಿ.

ಅಷ್ಟರಲ್ಲಿ ಬೀಜಗಳು ಗಾಳಿಯಲ್ಲಿ ಹಾರಿಹೋಗಿದ್ದವು. 1856ರಲ್ಲಿಯೇ ಅಮೆರಿಕೆಯ ವಾಟರ್‌ಟೌನ್ ಪಟ್ಟಣದಲ್ಲಿ ಮಾರ್ಗರೆಟ್ ಶುರ್ಜ್ ಎಂಬ ಮಹಿಳೆ ಇಂತಹ ಶಾಲೆಯನ್ನು ತೆರೆದಳು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟನು ಬಾಲ್ಯದಲ್ಲಿ ಆಡಿದ್ದು ಫ್ರೋಬೆಲ್‌ನ ಮರದ ತುಂಡುಗಳೊಡನೆಯೇ. ನಮ್ಮ ದೇಶದಲ್ಲಿ 1975ನೆಯ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 33 ಕಡೆಗಳಲ್ಲಿ ಮೊದಲಾಯಿತು. ಕರ್ನಾಟಕದ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಇಂದು ಊರೂರಿನಲ್ಲಿರುವ ಅಂಗನವಾಡಿಗೂ ಈ ತೋಟಗಾರನಿಗೂ ದೂರದ ನೆಂಟಸ್ತಿಕೆ ಉಂಟು.

ಅವನ ಸಮಾಧಿಯ ಮೇಲೆ ಘನ, ಉರುಳೆ, ಗೋಳಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಲಾಗಿದೆ. ತಾಯಿಯ ಮಡಿಲನ್ನು ಅರಿಯದೆ ಬೆಳೆದವನು ಲೋಕದ ಮಕ್ಕಳಿಗೆಲ್ಲ ಆಟಿಕೆಗಳನ್ನಿತ್ತು ಹೋದನು. ಮಗುವಿನ ಕೈಯಿಂದ ದಂಟನ್ನು ಕಸಿದು ಪುಸ್ತಕವನ್ನು ಮಾತ್ರ ಇಡುವ ಆತುರ ನಮ್ಮದಾದಾಗಲೆಲ್ಲ ಈ ವೃದ್ಧನನ್ನು ನೆನೆಯುವುದು ಒಳಿತು.