ಕ್ನೂಟ್ ಆಂಗ್‌ಸ್ಟ್ರಾಮ್

ಕ್ನೂಟ್ ಯೋಹಾನ್ ಆಂಗ್‌ಸ್ಟ್ರಾಮ್ (12 ಜನವರಿ 1857 – 4 ಮಾರ್ಚ್ 1910) ಸೌರ ಹಾಗೂ ಅವಕೆಂಪು ವಿಕಿರಣಗಳ ಮಾಪನಕ್ಕೆ ಹೆಸರಾದ ಸ್ವೀಡನ್ನಿನ ಭೌತವಿಜ್ಞಾನಿ. ರೋಹಿತದರ್ಶನದ ಪ್ರವರ್ತಕರಲ್ಲೊಬ್ಬರಾದ ಆಂಡರ್ಸ್ ಯೋನಾಸ್ ಆಂಗ್‌ಸ್ಟ್ರಾಮ್ ಇವರ ತಂದೆ. ಉಪ್ಸಾಲಾದಲ್ಲಿ ಜನಿಸಿದ ಇವರು 1896ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ಭೌತವಿಜ್ಞಾನದ ಪ್ರಾಧ್ಯಾಪಕರಾದರು.

1890ರ ದಶಕದಲ್ಲಿ ಇವರು ರೂಪಿಸಿದ ಪೈರ್‌ಹೀಲಿಯೋಮೀಟರ್‌ನಲ್ಲಿ ಕಪ್ಪು ಬಳಿದ ಎರಡು ತೆಳು ಲೋಹಪಟ್ಟಿಗಳಿವೆ. ಒಂದನ್ನು ಬಿಸಿಲಿಗೆ ಒಡ್ಡಿ, ನೆರಳಿನಲ್ಲಿರುವ ಇನ್ನೊಂದನ್ನು ವಿದ್ಯುತ್ ಪ್ರವಾಹದಿಂದ ಕಾಯಿಸಲಾಗುತ್ತದೆ. ಎರಡರ ಉಷ್ಣತೆಯೂ ಸಮವಾದಾಗ, ವ್ಯಯವಾಗುತ್ತಿರುವ ವಿದ್ಯುತ್ತಿನಿಂದ ಸೌರ ವಿಕಿರಣದ ತೀವ್ರತೆಯನ್ನು ಲೆಕ್ಕ ಹಾಕಬಹುದು. 1905ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಹವಾಮಾನ ಸಮ್ಮೇಳನವು ಈ ಉಪಕರಣವನ್ನು ಮಾನಕವಾಗಿ ಅಂಗೀಕರಿಸಿತು. ಭೂಮಿಯಿಂದ ರಾತ್ರಿ ಹೊರಹೊಮ್ಮುವ ಅವಕೆಂಪು ವಿಕಿರಣವನ್ನು ಅಳೆಯುವ ಪೈರ್ಜಿಯೋಮೀಟರ್ ಕೂಡ ಇವರದೇ ಕೊಡುಗೆ.

ಪಟ್ಟಿಯ ಅಂಚುಗಳಿಗೆ ಬಿಸಿಲು ತಾಗದಿರುವುದರಿಂದ ಪೈರ್‌ಹೀಲಿಯೋಮೀಟರ್ ತುಸು ಕಡಿಮೆ ಮೌಲ್ಯ ತೋರುತ್ತದೆಂಬುದು ಮುಂದೆ ತಿಳಿದುಬಂದಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ 1913ರ ಮಾನಕಕ್ಕೂ ಇದಕ್ಕೂ ಸುಮಾರು 3.5% ಅಂತರವಿದ್ದುದರಿಂದ ಬೇರೆ ಬೇರೆ ದೇಶಗಳ ದಾಖಲೆಗಳನ್ನು ನೇರವಾಗಿ ಹೋಲಿಸುವುದು ಕಷ್ಟವಾಗಿತ್ತು. 1956ರ ಅಂತಾರಾಷ್ಟ್ರೀಯ ಮಾನಕವು ಆಂಗ್‌ಸ್ಟ್ರಾಮ್ ಅಳತೆಗಳಿಗೆ 1.5% ಕೂಡಿಸಿ, ಸ್ಮಿತ್‌ಸೋನಿಯನ್ ಅಳತೆಗಳಿಂದ 2% ಕಳೆದು ಈ ಭೇದವನ್ನು ಪರಿಹರಿಸಿತು.