ಹೆಲನ್ ಕೆಲ್ಲರ್ ಅಮ್ಮನವರು ಶಾಲೆ ಸೇರಿದ ಚರಿತ್ರೆ

ಕಣ್ಣು ಕಾಣದ ಇಲ್ಲವೆ ಕಿವಿ ಕೇಳದ ಮಗುವು ಮನೆಯಲ್ಲಿದ್ದರೆ, ತಾಯಿತಂದೆಗಳು ಮೊದಲು ವೈದ್ಯರ ಬಳಿಗೂ ಆಮೇಲೆ ನೆಂಟರಿಷ್ಟರ ಬಳಿಗೂ ಅಲೆದು, ಕಡೆಗೆ ಆ ಮಗುವಿಗೆ ಮೂಲೆಯಲ್ಲಿ ಒಂದು ಚಾಪೆಯನ್ನು ಹಾಸಿ ಸುಮ್ಮನಾಗುವುದನ್ನು ನಾವು ಕಂಡಿದ್ದೇವೆ. ಶಾಲೆಯ ಮಾತೆತ್ತಿದರೆ, ಇಂಥ ಮಗುವಿಗೆ ಶಾಲೆ ಯಾತಕ್ಕೆಂದು ಕೇಳುವವರೇ ಹೆಚ್ಚು. ಆದಕಾರಣ ಕಣ್ಣೂ ಕಿವಿಯೂ ಎರಡೂ ಇಲ್ಲದ ಒಬ್ಬ ಹುಡುಗಿಯು ವಿದ್ಯೆಯನ್ನು ಪಡೆದ ಸಂಗತಿಯನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ.

ಹೆಲನ್ ಕೆಲ್ಲರ್ ಎಂಬಾಕೆಯು 1880ನೆಯ ಇಸವಿ ಜೂನ್ 27ರಂದು ಅಮೇರಿಕ ದೇಶದ ಅಲಬಾಮ ಪ್ರಾಂತದ ಟಸ್ಕಂಬಿಯ ಎಂಬ ಚಿಕ್ಕ ಊರಿನಲ್ಲಿ ಜನಿಸಿದಳು. ತಂದೆ ಆರ್ಥರ್ ಕೆಲ್ಲರ್, ತಾಯಿ ಕೇಟ್. ಮಗುವು ಹತ್ತೊಂಬತ್ತು ತಿಂಗಳಿನದಾಗಿದ್ದಾಗ ಕಠಿಣವಾದ ಜ್ವರವು ಬಂತು. ಬದುಕಲಾರದೆಂದು ವೈದ್ಯರು ಹೇಳಿದ್ದ ಕೂಸು ಬದುಕಿಕೊಂಡಿತು. ಆದರೆ ಅದರ ಕಣ್ಣುಗಳ ಬೆಳಕೂ ಕಿವಿಗಳ ಶಕ್ತಿಯೂ ಹೋಗಿದ್ದವು. ಹೆಲನಳು ಬೆಳೆಯುತ್ತಾ ರೊಟ್ಟಿ ಬೇಕಾದರೆ ಕೊಯ್ದು ಬೆಣ್ಣೆ ಸವರುವಂತೆ ಕೈಯಾಡಿಸುವಳು. ಬೇಡವಾದರೆ ತಲೆ ಅಲ್ಲಾಡಿಸುವಳು. ತನ್ನ ಮನಸ್ಸಿನಲ್ಲಿರುವುದನ್ನು ತಿಳಿಸಲಾರದೆ ಹೋದಾಗಲೋ, ನೆಲದ ಮೇಲೆ ಹೊರಳಾಡಿ ಅಳುವಳು. ಒಂದು ಸಾರಿ ತಾಯಿಯನ್ನೇ ಉಗ್ರಾಣದೊಳಗಿಟ್ಟು ಬೀಗ ಹಾಕಿದಳು. ಈ ಹುಡುಗಿಗೆ ಏನನ್ನಾದರೂ ಕಲಿಸಬಹುದೆಂದು ನಂಬುವುದು ಬಂಧುಗಳಿಗೆ ಕಷ್ಟವಾಯಿತು.

ಆದರೆ ತಾಯಿಯು ಒಂದು ಸಂಗತಿಯನ್ನು ಓದಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಬಾಸ್ಟನ್ ಪಟ್ಟಣದ ಪರ್ಕಿನ್ಸ್ ಎಂಬ ಕುರುಡರ ಶಾಲೆಯಲ್ಲಿ ಹೌ ಎಂಬ ವೈದ್ಯರು, ಹೆಲನಳಂತೆಯೇ ಕಣ್ಣುಕಿವಿಗಳಿಲ್ಲದ ಲಾರಾ ಬ್ರಿಜ್‌ಮನ್ ಎಂಬ ಹುಡುಗಿಗೆ ಓದುಬರಹವನ್ನು ಕಲಿಸಿದ್ದರೆಂಬ ಸಂಗತಿಯನ್ನು ಡಿಕನ್ಸ್ ಎಂಬ ಗ್ರಂಥಕರ್ತರು ಬರೆದಿದ್ದರು. ಹೌ ಅವರು ಆಗಲೇ ತೀರಿಕೊಂಡಿದ್ದರೂ ಒಂದು ಸಾರಿ ಆದದ್ದು ಮತ್ತೊಂದು ಸಾರಿ ಏಕಾಗಬಾರದೆಂದು ತಾಯಿಯು ಯೋಚಿಸಿದಳು. 1886ರಲ್ಲಿ ತಂದೆಯು ಮಗಳನ್ನು ಬಾಲ್ಟಿಮೋರಿನ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದನು. ಕಣ್ಣಿಗೆ ಔಷಧವಿಲ್ಲ, ಆದರೂ ಹುಡುಗಿಗೆ ವಿದ್ಯೆ ಕೊಡಬಹುದೆಂದು ವೈದ್ಯರು ತಿಳಿಸಿ, ವಾಷಿಂಗ್ಟನ್ನಿನಲ್ಲಿದ್ದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರ ಬಳಿಗೆ ಕಳುಹಿಸಿದರು. ಟೆಲಿಫೋನನ್ನು ನಿರ್ಮಿಸಿದ ಇವರು ಕಿವುಡ ಮಕ್ಕಳ ಉಪಾಧ್ಯಾಯರೂ ಆಗಿದ್ದರು. ಇವರ ಆಲೋಚನೆಯಂತೆ ತಂದೆಯು ಪರ್ಕಿನ್ಸ್ ಶಾಲೆಯ ಮುಖ್ಯಸ್ಥರಿಗೆ ಕಾಗದ ಬರೆದನು. ಉಪಾಧ್ಯಾಯಿನಿಯೊಬ್ಬಳು ಸಿಕ್ಕಿರುವಳೆಂದು ಕೆಲವು ವಾರಗಳಲ್ಲಿ ಉತ್ತರವು ಬಂತು.

ಈ ಉಪಾಧ್ಯಾಯಿನಿಯೇ ಆನಿ ಸಲಿವನ್ ಅಮ್ಮನವರು. ಬಡವರ ಅನಾಥಾಲಯದಲ್ಲಿ ಬೆಳೆದ ಈಕೆಗೆ ಎಳೆತನದಲ್ಲಿಯೇ ಕಣ್ಣುಬೇನೆಯಿಂದ ದೃಷ್ಟಿ ಮಂಜಾಗಿತ್ತು. ಒಂದು ದಿನ ಆ ಆಲಯವನ್ನು ಪರೀಕ್ಷಿಸಲು ಅಧಿಕಾರಿಗಳು ಬಂದಾಗ, ಈ ಹುಡುಗಿಯು ಅವರ ನಡುವೆ ನುಗ್ಗಿ, ತನ್ನನ್ನು ಶಾಲೆಗೆ ಕಳುಹಿಸಬೇಕೆಂದು ಬೇಡಿಕೊಂಡಳು. ಹೀಗೆ 1880ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪರ್ಕಿನ್ಸ್ ಶಾಲೆಯನ್ನು ಸೇರಿದಳು. ಶಾಲೆಗಾಗಿ ಹಂಬಲಿಸಿದವಳೇ ಶಾಲೆಯಿಲ್ಲದ ಮಗುವಿನ ಬಳಿಗೆ 1887ನೆಯ ಮಾರ್ಚ್ 3ರಂದು ಬಂದಳು. ಏಪ್ರಿಲ್ 5ರಂದು, ನೀರಿನ ಪಂಪಿನ ಕೆಳಗೆ ಹೆಲನಳ ಒಂದು ಕೈಯನ್ನು ಹಿಡಿದು, ಇನ್ನೊಂದು ಅಂಗೈಯಲ್ಲಿ ನೀರು ಎಂಬ ಮಾತಿನ ಅಕ್ಷರಗಳನ್ನು ಬೆರಳುಗಳಿಂದ ಮೂಡಿಸಿದಾಗ, ಪ್ರತಿಯೊಂದು ವಸ್ತುವಿಗೂ ಹೆಸರುಂಟೆಂಬುದು ಆ ಮಗುವಿಗೆ ಹೊಳೆಯಿತು.

ಇಷ್ಟನ್ನು ಅನೇಕರು ಬಲ್ಲರು. ಆದರೆ ಆಮೇಲಿನ ಕಷ್ಟವು ಇದಕ್ಕಿಂತ ಕಡಿಮೆಯದಾಗಿರಲಿಲ್ಲ. ಕಣ್ಣು ಕಿವಿಗಳುಳ್ಳ ಹುಡುಗಿಯರ ಜೊತೆಯಲ್ಲಿ ಕುಳಿತು ಓದಬೇಕೆಂಬ ಆಶೆಯಿಂದ ಹೆಲನಳು 1896ರಲ್ಲಿ ಕೇಂಬ್ರಿಜಿನ ಒಂದು ಶಾಲೆಯನ್ನು ಸೇರಿದಳು. ಅಲ್ಲಿಯ ಉಪಾಧ್ಯಾಯರಿಗೆ ಇಂಥ ವಿದ್ಯಾರ್ಥಿನಿಗೆ ಕಲಿಸಿ ರೂಢಿಯಿರಲಿಲ್ಲ. ಸಲಿವನ್ ಅಮ್ಮನವರು ಪಕ್ಕದಲ್ಲಿ ಕುಳಿತು ಪಾಠವನ್ನೆಲ್ಲ ಅಂಗೈಯಲ್ಲಿ ಬರೆಯುತ್ತಿದ್ದರು. ಮುಖ್ಯೋಪಾಧ್ಯಾಯರಾದ ಗಿಲ್ಮನ್ ಅವರೂ ಜರ್ಮನ್ ಭಾಷೆಯ ಉಪಾಧ್ಯಾಯಿನಿಯೂ ಬೆರಳಕ್ಷರಗಳನ್ನು ತಾವೇ ಕಲಿತುಕೊಂಡರು. ಉಬ್ಬಚ್ಚಿನ ಪುಸ್ತಕಗಳು ಸಕಾಲಕ್ಕೆ ಬರುತ್ತಿರಲಿಲ್ಲ. 1897ರ ಪರೀಕ್ಷೆಯಲ್ಲಿ, ಅವಳ ಬರೆಯುವ ಯಂತ್ರದ ಸದ್ದು ಇತರರಿಗೆ ತೊಂದರೆಯಾಗದಂತೆ ಅವಳನ್ನು ಬೇರೆ ಕೋಣೆಯಲ್ಲಿ ಕುಳ್ಳಿರಿಸಿ, ಗಿಲ್ಮನ್ ಅವರು ಪ್ರಶ್ನೆಗಳನ್ನು ಅಂಗೈಯಲ್ಲಿ ತಿಳಿಸಿದರು. ಎಲ್ಲಾ ವಿಷಯಗಳಲ್ಲಿಯೂ ಅವಳು ತೇರ್ಗಡೆಯಾದಳು.

ಮುಂದಿನ ವರುಷ ಹುಡುಗಿಯ ಮೇಲೆ ಓದಿನ ಭಾರವು ಹೆಚ್ಚಾಯಿತೋ ಇಲ್ಲವೋ ಎಂಬ ವಿಷಯದಲ್ಲಿ ಮುಖ್ಯೋಪಾಧ್ಯಾಯರಿಗೂ ಸಲಿವನ್ ಅಮ್ಮನವರಿಗೂ ಅಭಿಪ್ರಾಯಭೇದವುಂಟಾಗಿ, ತಾಯಿಯು ಮಗಳನ್ನು ಶಾಲೆಯಿಂದ ಬಿಡಿಸಿದಳು. ಮನೆಪಾಠವು ಆರಂಭವಾಯಿತು. ಕರೀಹಲಗೆಯ ರೇಖಾಗಣಿತದ ಚಿತ್ರಗಳನ್ನು ನೋಡಲಾರದ ಹೆಲನಳು ಮೆತ್ತೆಯ ಮೇಲೆ ತಂತಿಗಳನ್ನು ಚುಚ್ಚಿ ಆ ಆಕಾರಗಳನ್ನು ಮಾಡಿಕೊಳ್ಳುತ್ತಿದ್ದಳು.

1899ನೆಯ ಜೂನ್ 29 ಮತ್ತು 30ರಂದು ರಾಡ್‌ಕ್ಲಿಫ್ ಕಾಲೇಜಿನ ಕಡೆಯ ಪ್ರವೇಶ ಪರೀಕ್ಷೆಗಳು ನಡೆದವು. ಸಲಿವನ್ ಅಮ್ಮನವರು ಪ್ರಶ್ನೆಗಳನ್ನು ಓದಿ ಹೇಳುವುದಕ್ಕೆ ಅಧಿಕಾರಿಗಳು ಈ ಸಾರಿ ಒಪ್ಪಲಿಲ್ಲ. ಹೆಲನಳಿಗೆ ಅಪರಿಚಿತರಾದ ಒಬ್ಬರು ಪ್ರಶ್ನೆಗಳನ್ನು ಅಮೇರಿಕದ ಬ್ರೈಲ್ ಚುಕ್ಕೆಲಿಪಿಯಲ್ಲಿ ಬರೆದುಕೊಟ್ಟರು. ಅವಳು ಬೀಜಗಣಿತವನ್ನು ಕಲಿತದ್ದಾದರೋ ಇಂಗ್ಲಿಷ್ ಬ್ರೈಲಿನಲ್ಲಿ. ಎರಡರ ಗಣಿತ ಚಿಹ್ನೆಗಳು ಬೇರೆ ಬೇರೆ. ಪರೀಕ್ಷೆಗೆ ಎರಡೇ ದಿನ ಉಳಿದಿರುವಾಗ ಇದು ತಿಳಿದುಬಂತು. ಅವಳು ಅವಸರದಿಂದ ಕಾಗದ ಬರೆದು ಚಿಹ್ನೆಗಳ ಪಟ್ಟಿಯನ್ನು ತರಿಸಿಕೊಂಡು ಅಭ್ಯಾಸಮಾಡಿದರೂ, ಹಿಂದಿನ ರಾತ್ರಿಯವರೆಗೆ ಕಂಸಗಳೂ ಮೂಲಚಿಹ್ನೆಗಳೂ ಒಂದಕ್ಕೊಂದು ಬೆರೆತುಹೋಗುತ್ತಿದ್ದವು. ಬುದ್ಧಿಯಲ್ಲಿ ಕೊರತೆಯಿಲ್ಲದೆ, ಗುರುತುಗಳ ಭೇದದಿಂದಲೇ ವರುಷಗಳ ಪ್ರಯಾಸವು ವ್ಯರ್ಥವಾಗುವ ಹಾಗಿತ್ತು. ಆದರೂ ಅವಳು ಉತ್ತೀರ್ಣಳಾದಳು. ಇನ್ನೊಂದು ವರುಷ ಮನೆಯಲ್ಲಿಯೇ ಓದಿ, 1900ನೆಯ ಮೇ ತಿಂಗಳಲ್ಲಿ ಕಾಲೇಜಿನ ಮಂಡಲಿಗೆ ವಿನಯವಾಗಿಯೂ ದೃಢವಾಗಿಯೂ ಕಾಗದ ಬರೆದು ಅನುಮತಿಯನ್ನು ಕೇಳಿದಳು. ಆ ವರುಷವೇ ಸೇರಿದಳು.

ಕಾಲೇಜಿನಲ್ಲಿ ಉಪನ್ಯಾಸವು ವೇಗವಾಗಿ ಸಾಗುತ್ತಿರಲು ಸಲಿವನ್ ಅಮ್ಮನವರ ಬೆರಳುಗಳು ಅವಳ ಅಂಗೈಯಲ್ಲಿ ಓಡುತ್ತಿದ್ದವು. ಕೇಳುವ ಕೈಯೇ ಬರೆಯುವ ಕೈಯಾದ್ದರಿಂದ ಅವಳು ಅಲ್ಲಿ ಏನನ್ನೂ ಬರೆದುಕೊಳ್ಳಲಾರದೆ, ಮನೆಗೆ ಬಂದ ಮೇಲೆ ನೆನಪಿದ್ದಷ್ಟನ್ನು ಬರೆದಿಡುತ್ತಿದ್ದಳು. 1904ರಲ್ಲಿ ಮರ್ಯಾದೆಯೊಡನೆ ಪದವಿಯನ್ನು ಪಡೆದಳು. ಮುಂದೆ ದೇಶದೇಶಗಳನ್ನು ಸಂಚರಿಸಿ ಕುರುಡರ ಪಕ್ಷವಾಗಿ ಮಾತಾಡಿದ ಈ ಅಮ್ಮನವರು 1955ರಲ್ಲಿ ನಮ್ಮ ಇಂಡಿಯ ದೇಶಕ್ಕೂ ಬಂದಿದ್ದರು. 1968ನೆಯ ಜೂನ್ 1ರಂದು ತೀರಿಕೊಂಡರು.

ಪ್ರಿಯ ವಾಚಕರೇ, ಹೆಲನಳಿಗಾಗಿ ಪರೀಕ್ಷೆಯನ್ನು ಯಾರೂ ಹಗುರಮಾಡಲಿಲ್ಲವೆಂಬುದನ್ನು ಗಮನಿಸಿರಿ. ಇತರರಿಗೆ ಕೊಟ್ಟ ಪ್ರಶ್ನೆಗಳನ್ನೇ ಅವಳಿಗೂ ಕೊಟ್ಟರು. ಅವು ಅವಳನ್ನು ಮುಟ್ಟುವ ದಾರಿಯು ಮಾತ್ರವೇ ಬೇರೆಯಾಗಿತ್ತು. ಆ ದಾರಿಯನ್ನು ಕೇಳುವುದು ಭಿಕ್ಷೆಯಲ್ಲ. ಅವಳ ತಂದೆಗೆ ಸ್ನೇಹಿತರ ದಯೆಯೇ ಆಧಾರವಾಗಿತ್ತು. ನಮಗಾದರೋ ಕಾನೂನಿನ ಆಧಾರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ, ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದ ವೈಕಲ್ಯವುಂಟೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರುಷದ ವರೆಗೆ ನೆರೆಯ ಶಾಲೆಯಲ್ಲಾಗಲಿ ತನಗಿಷ್ಟವಾದ ವಿಶೇಷ ಶಾಲೆಯಲ್ಲಾಗಲಿ ಶುಲ್ಕವಿಲ್ಲದೆ ಕಲಿಯುವ ಹಕ್ಕುಂಟು. ಪರೀಕ್ಷೆಯಲ್ಲಿ ಹೆಚ್ಚು ಸಮಯವನ್ನೂ ಉತ್ತರ ಬರೆದುಕೊಡುವ ಸಹಾಯಕರನ್ನೂ ಒದಗಿಸಬೇಕೆಂದು ಆ ಕಾಯಿದೆಯು ಹೇಳುತ್ತದೆ. ಇವುಗಳನ್ನು ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಹೆಲನಳ ಬೀಜಗಣಿತದ ಸಂಕಟವೇ ಆದೀತು. ಆದ್ದರಿಂದ ವರುಷದ ಆರಂಭದಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು, ಬರಹದ ಮೂಲಕ ಕೇಳಿಕೊಳ್ಳತಕ್ಕದ್ದು. ನಿಮ್ಮ ಬೀದಿಯಲ್ಲಿ ಚಾಪೆಯ ಮೇಲೆ ಕುಳಿತ ಅಂಥ ಮಗುವಿದ್ದರೆ, ಓದುಬರಹವಿಲ್ಲದ ಅದರ ತಾಯಿಯ ಪರವಾಗಿ ಆ ಕಾಗದವನ್ನು ನಮ್ಮಲ್ಲಿ ಒಬ್ಬರು ಈ ವಾರವೇ ಬರೆದುಕೊಡೋಣ.