ಆಂಟನಿ ನೊಗೆಸ್

ಆಂಟನಿ ನೊಗೆಸ್ (13 ಸೆಪ್ಟೆಂಬರ್ 1890 – 2 ಆಗಸ್ಟ್ 1978) ಮೊನಾಕೊ ದೇಶದ ಕ್ರೀಡಾ ಸಂಘಟಕರು. ನಗರದ ಬೀದಿಗಳಲ್ಲಿಯೇ ನಡೆಯುವ ಮೊನಾಕೊ ಗ್ರ್ಯಾಂಡ್ ಪ್ರಿ ಮೋಟಾರು ಸ್ಪರ್ಧೆಯ ಸ್ಥಾಪಕರೆಂದು ಇವರು ಪ್ರಸಿದ್ಧರು.

ಹಿನ್ನೆಲೆ

ನೊಗೆಸ್ ಅವರ ತಂದೆ ಅಲೆಕ್ಸಾಂಡರ್ ನೊಗೆಸ್ ಮೊನಾಕೊದ ಸೈಕಲ್ ಮತ್ತು ಮೋಟಾರು ಕ್ರೀಡಾ ಸಂಘದ ಅಧ್ಯಕ್ಷರಾಗಿದ್ದರು. 1911ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಆರಂಭಿಸಿದ ಈ ಸಂಘವು 1925ರಲ್ಲಿ ಮೊನಾಕೊ ಆಟೊಮೊಬೈಲ್ ಕ್ಲಬ್ ಎಂಬ ಹೆಸರನ್ನು ಪಡೆಯಿತು.

ಮಾನ್ಯತೆಯ ಪ್ರಶ್ನೆ

ಕ್ಲಬ್ಬಿಗೆ ರಾಷ್ಟ್ರೀಯ ಸಂಸ್ಥೆಯ ಸ್ಥಾನವನ್ನು ಕೋರಿ ನೊಗೆಸ್ ಅವರು ಅಂತಾರಾಷ್ಟ್ರೀಯ ಮೋಟಾರು ಸಂಸ್ಥೆಯ ಮುಂದೆ ಮನವಿ ಮಂಡಿಸಿದರು. ರ್‍ಯಾಲಿಯು ಬಹುಮಟ್ಟಿಗೆ ಅನ್ಯದೇಶಗಳ ರಸ್ತೆಗಳಲ್ಲಿ ಸಾಗುತ್ತಿದ್ದುದರಿಂದ, ಸ್ವಂತ ನೆಲದಲ್ಲಿ ಸ್ಪರ್ಧೆ ನಡೆಸದ ದೇಶಕ್ಕೆ ಆ ಸ್ಥಾನ ಸಲ್ಲದೆಂದು ಮನವಿಯನ್ನು ತಿರಸ್ಕರಿಸಲಾಯಿತು. ಆಗ ಮೊನಾಕೊದ ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಪ್ರತ್ಯೇಕ ಪಥವನ್ನು ನಿರ್ಮಿಸಲು ಅಲ್ಲಿ ಸ್ಥಳವೇ ಇರಲಿಲ್ಲ. ಉಳಿದಿದ್ದುದು ಜನರು ದಿನನಿತ್ಯ ಓಡಾಡುವ ಬೀದಿಗಳು ಮಾತ್ರ.

ಪಥದ ಆಯ್ಕೆ

ನೊಗೆಸ್ ಅವರು ಈ ಬೀದಿಗಳನ್ನು ಪರಿಶೀಲಿಸಿ, ಬಂದರಿನ ಬಳಿಯಿಂದ ಸೇಂಟ್ ಡೆವೋಟ್ ಚರ್ಚನ್ನು ಹಾದು, ಏರುರಸ್ತೆಯಲ್ಲಿ ಕ್ಯಾಸಿನೊ ಚೌಕವನ್ನು ತಲುಪಿ, ರೈಲು ನಿಲ್ದಾಣದ ಕಡೆಗೆ ಇಳಿದು, ಸುರಂಗದ ಮೂಲಕ ಮತ್ತೆ ಬಂದರಿಗೆ ಮರಳುವ ಸುಮಾರು 3.18 ಕಿ.ಮೀ. ಸುತ್ತನ್ನು ಗುರುತಿಸಿದರು. ಮೊನಾಕೊದವರೇ ಆದ ಚಾಲಕ ಲೂಯಿ ಶಿರೋನ್ ಈ ಯೋಜನೆಗೆ ಬೆಂಬಲ ನೀಡಿದರು. ರಾಜಕುಮಾರ ಎರಡನೆಯ ಲೂಯಿ ಅವರ ಸಮ್ಮತಿಯೂ ದೊರೆಯಿತು. ರಸ್ತೆಯಲ್ಲಿ ಟ್ರಾಮ್ ಹಳಿಗಳಿದ್ದವು. ಅಂಚಿನಲ್ಲಿ ದೀಪದ ಕಂಬಗಳು, ಅಂಗಡಿಗಳು ಮತ್ತು ಮನೆಗಳಿದ್ದವು. ಒಂದು ಬದಿಯಲ್ಲಿ ಸಮುದ್ರವಿತ್ತು. ಚಾಲಕನ ಅಲ್ಪ ತಪ್ಪಿಗೂ ಇಲ್ಲಿ ಅವಕಾಶವಿರಲಿಲ್ಲ.

ಪ್ರಥಮ ಸ್ಪರ್ಧೆ

14 ಏಪ್ರಿಲ್ 1929ರಂದು ಪ್ರಥಮ ಸ್ಪರ್ಧೆ ಜರುಗಿತು. ಆಹ್ವಾನಿತರಾಗಿ ಬಂದ 16 ಚಾಲಕರು ಸ್ಪರ್ಧೆಗಿಳಿದರು. ಆರಂಭದ ಸ್ಥಾನಗಳನ್ನು ಚೀಟಿ ಎತ್ತಿ ನಿರ್ಧರಿಸಲಾಯಿತು. ಹಸಿರು ಬಣ್ಣದ ಬುಗಾಟಿ ಕಾರನ್ನು ಓಡಿಸಿದ ವಿಲಿಯಂ ಗ್ರೋವರ್-ವಿಲಿಯಮ್ಸ್ 100 ಸುತ್ತುಗಳನ್ನು ಗಂಟೆಗೆ ಸುಮಾರು 80 ಕಿ.ಮೀ. ಸರಾಸರಿ ವೇಗದಲ್ಲಿ ಪೂರೈಸಿ ವಿಜಯಿಯಾದರು. ಶಿರೋನ್ ಅವರು ಅಮೆರಿಕದ ಇಂಡಿಯಾನಾಪೊಲಿಸ್ ಸ್ಪರ್ಧೆಯಲ್ಲಿ ಭಾಗವಹಿಸಬೇಕಾಗಿದ್ದುದರಿಂದ ಇದರಲ್ಲಿ ಪಾಲ್ಗೊಳ್ಳಲಿಲ್ಲ. 1931ರಲ್ಲಿ ತಮ್ಮ ಊರಿನ ಈ ಸ್ಪರ್ಧೆಯನ್ನು ಗೆದ್ದರು. 1933ರಲ್ಲಿ ಚೀಟಿ ಎತ್ತುವ ಪದ್ಧತಿಯನ್ನು ಕೈಬಿಟ್ಟು, ಅಭ್ಯಾಸದ ವೇಳೆಯಲ್ಲಿ ತೋರಿದ ವೇಗದ ಆಧಾರದ ಮೇಲೆ ಸ್ಥಾನಗಳನ್ನು ನೀಡಲಾಯಿತು. 1950ರಲ್ಲಿ ಆರಂಭವಾದ ವಿಶ್ವ ಚಾಂಪಿಯನ್‌ಶಿಪ್‌ನ ಎರಡನೆಯ ಸ್ಪರ್ಧೆ ಮೊನಾಕೊದಲ್ಲಿಯೇ ನಡೆಯಿತು.

ಸುರಕ್ಷತೆ

ಕಾರುಗಳ ವೇಗ ಹೆಚ್ಚಿದಂತೆ ಬೀದಿಗಳ ಅಪಾಯವೂ ಹೆಚ್ಚಿತು. 1955ರಲ್ಲಿ ಆಲ್ಬರ್ಟೊ ಆಸ್ಕರಿ ಅವರ ಕಾರು ಬಂದರಿನ ನೀರಿಗೆ ಉರುಳಿತು. ಅವರು ಈಜಿ ಪಾರಾದರು. 1967ರಲ್ಲಿ ಲೊರೆಂಜೊ ಬಂಡಿನಿ ಅವರ ಕಾರು ಅಪಘಾತಕ್ಕೀಡಾದಾಗ, ರಕ್ಷಣೆಗೆಂದು ಇರಿಸಿದ್ದ ಹುಲ್ಲಿನ ಹೊರೆಗಳಿಗೇ ಬೆಂಕಿ ಹತ್ತಿತು. ತೀವ್ರ ಸುಟ್ಟಗಾಯಗಳಿಂದ ಅವರು ಮೂರು ದಿನಗಳ ಬಳಿಕ ಮೃತಪಟ್ಟರು. ಅನಂತರ ಹುಲ್ಲಿನ ಹೊರೆಗಳ ಸ್ಥಾನಕ್ಕೆ ಉಕ್ಕಿನ ತಡೆಬೇಲಿಗಳು ಬಂದವು. ಇಂದು ಈ ಬೇಲಿಗಳನ್ನೂ ಪ್ರೇಕ್ಷಕರ ಅಟ್ಟಣಿಗೆಗಳನ್ನೂ ಪ್ರತಿವರ್ಷ ಹೊಸದಾಗಿ ಜೋಡಿಸಲು ಸುಮಾರು ಆರು ವಾರಗಳು ಬೇಕಾಗುತ್ತವೆ. ಸ್ಪರ್ಧೆ ಮುಗಿದ ಮೇಲೆ ಅವೆಲ್ಲವನ್ನೂ ಬಿಚ್ಚಿ ಬೀದಿಗಳನ್ನು ಜನರ ಬಳಕೆಗೆ ಮರಳಿಸಲಾಗುತ್ತದೆ.

ಸ್ಮರಣೆ

ನೊಗೆಸ್ ಅವರು 1978ರಲ್ಲಿ ನಿಧನರಾದರು. ಮರುವರ್ಷ ಪಥದ ಕೊನೆಯ ತಿರುವಿಗೆ ಅವರ ಹೆಸರನ್ನಿಡಲಾಯಿತು. ಪ್ರತಿಯೊಂದು ಸುತ್ತಿನಲ್ಲಿಯೂ ಚಾಲಕರು ಈ ತಿರುವನ್ನು ದಾಟಿಯೇ ಅಂತಿಮ ಗೆರೆಯನ್ನು ತಲುಪುತ್ತಾರೆ.